ಗೋವಿನಜೋಳದ ಧೂಳಿಗೊಂದು ಫಿಲ್ಟರ್

ಕಾರಿನ ಮಾಲೀಕರು ಹಳೆಯ ಏರ್ ಫಿಲ್ಟರನ್ನು ಬಾಳೆಎಲೆಯಲ್ಲಿ ಸುತ್ತಿಕೊಂಡು ತಂದಿದ್ದರು. ಅವರು ಸವಣೂರಿನ ವೀಳ್ಯದೆಲೆ ವ್ಯಾಪಾರಿ. ಪೆಂಡಿ ಕಟ್ಟಲು ಇಟ್ಟ ಬಾಳೆಎಲೆಯೇ ಕೈಗೆ ಮೊದಲು ಸಿಕ್ಕಿರಬೇಕು. ನನ್ನ ಮೇಜಿನ ಮೇಲೆ ಬಿಚ್ಚಿಟ್ಟು, "ಇದ ನೋಡ್ರಿ ಮೇಡಂ, ನನ್ನ ಮೊದಲಿನ ಎಂಜಿನ್ ತಿಂದದ್ದು," ಎಂದರು.

ಹೊರಗೆ ನಿಂತಿದ್ದ ಕಾರು ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಹಳದಿ ಬಣ್ಣ, ಮಡಚುವ ಛಾವಣಿ, ಸುಮಾರು ಇಪ್ಪತ್ತು ವರ್ಷ ಹಳೆಯದು. ಶಿಗ್ಗಾಂವಿಯ ಹೆದ್ದಾರಿ ಪಕ್ಕದ ನಮ್ಮ ಗ್ಯಾರೇಜಿಗೆ ಬರುವುದು ಟ್ರ್ಯಾಕ್ಟರ್, ತೆನೆಯಿಂದ ಕಾಳು ಬಿಡಿಸಿ ರಾಶಿ ಮಾಡುವ ಮಷಿನ್, ಸರಕು ಸಾಗಿಸುವ ಟೆಂಪೊ. ಗ್ಯಾರೇಜು ನಡೆಸುವ ಉಸ್ತಾದರು ಬಂಕಾಪುರದವರು. ಅರವತ್ತು ದಾಟಿದ ಅವರು ದುಡಿದದ್ದೆಲ್ಲ ಅಂಥ ಗಾಡಿಗಳ ಮೇಲೆಯೇ. ಅವರು ಕಾರಿನ ಸುತ್ತ ಒಮ್ಮೆ ಬಂದು, ಇದರ ಹೊಟ್ಟೆ ನೆಲಕ್ಕೆ ತಾಗುತ್ತದಲ್ಲ, ನಮ್ಮ ರಸ್ತೆಯಲ್ಲಿ ಹೇಗೆ ಬಂತು ಎಂದು ಕೇಳಿದರು. ಹಂಪ್ ಬಂದಲ್ಲೆಲ್ಲ ತಾವು ಇಳಿದು ನೋಡಿ ದಾಟಿಸುವುದಾಗಿ ವ್ಯಾಪಾರಿ ಹೇಳಿದರು. ಇದು ತಮಾಷೆ ಎಂದು ನಾನು ತಿಳಿದೆ. ಆಮೇಲೆ ಅವರ ಜೊತೆ ಹೋದಾಗ ನಿಜ ಎಂದು ಗೊತ್ತಾಯಿತು.

ಅವರ ಸಮಸ್ಯೆ ಸ್ಪಷ್ಟವಾಗಿತ್ತು. ವಾರಕ್ಕೊಮ್ಮೆ, ಸಂತೆಯ ದಿನ, ಅವರು ಸವಣೂರಿನಿಂದ ಬಂಕಾಪುರ, ಹಾನಗಲ್, ತಿಳವಳ್ಳಿ ಮಾರ್ಗವಾಗಿ ಹಿರೇಕೆರೂರಿಗೆ ಹೋಗುತ್ತಾರೆ. ಎಲೆಯ ಪೆಂಡಿಗಳು ಬೆಳಿಗ್ಗೆಯೇ ಟೆಂಪೊದಲ್ಲಿ ಹೋಗಿರುತ್ತವೆ. ಇವರು ಹಿಂದಿನಿಂದ ಒಬ್ಬರೇ ಈ ಕಾರಿನಲ್ಲಿ. ಅಕ್ಟೋಬರಿನಿಂದ ಆ ದಾರಿಯ ಉದ್ದಕ್ಕೂ ಗೋವಿನಜೋಳದ ರಾಶಿ ನಡೆಯುತ್ತದೆ. ಕಾಳನ್ನು ಡಾಂಬರಿನ ಮೇಲೆಯೇ ಒಣಗಲು ಹಾಕುತ್ತಾರೆ, ಮಷಿನ್ನುಗಳು ರಸ್ತೆಯಂಚಿನಲ್ಲಿ ನಿಂತು ಹೊಟ್ಟು ಉಗುಳುತ್ತವೆ. ಎರಡು ವರ್ಷ ಈ ಧೂಳು ಕುಡಿದ ಮೊದಲ ಎಂಜಿನ್ ಹಾಳಾಯಿತು. ಸಿಲಿಂಡರಿನ ಒಳಮೈಯ ಗಟ್ಟಿ ಲೇಪ ಸವೆದು ಗೀರುಗಳು ಬಿದ್ದವು. ಅಂಥ ಎಂಜಿನ್ ಬ್ಲಾಕಿನ ಸಿಲಿಂಡರನ್ನು ಕೊರೆದು ದೊಡ್ಡದು ಮಾಡಲು ಬರುವುದಿಲ್ಲ, ಹೊಸದನ್ನು ಕಂಪನಿ ಈಗ ಮಾಡುವುದಿಲ್ಲ. ಎಲ್ಲೋ ಅಪಘಾತಕ್ಕೆ ಸಿಕ್ಕ ಇದೇ ಮಾದರಿಯ ಕಾರಿನಿಂದ ತೆಗೆದ ಎಂಜಿನ್ ಒಂದನ್ನು ಹದಿನಾಲ್ಕು ತಿಂಗಳು ಹುಡುಕಿ ತಂದು ಕೂರಿಸಿದ್ದರು. ಕೂರಿಸಿಕೊಟ್ಟವರು, ಮೂರನೆಯದು ಎಲ್ಲಿಯೂ ಸಿಗುವುದಿಲ್ಲ, ಇನ್ನೊಮ್ಮೆ ಧೂಳು ಹೊಕ್ಕರೆ ಗುಜರಿಗೆ ಕೊಡಿ ಎಂದಿದ್ದರಂತೆ.

"ಕಂಪನಿ ಫಿಲ್ಟರ್ ನಮ್ಮ ಧೂಳಿಗೆ ತಾಳಂಗಿಲ್ರಿ. ಹೊರಗಿಂದ ಒಂದು ಚಲೋದು ಆರಿಸಿ ಕೊಡ್ರಿ," ಎಂದರು ವ್ಯಾಪಾರಿ.

ಬೇರೆ ಕಾರು ಯಾಕೆ ಕೊಳ್ಳಬಾರದು ಎಂದು ಉಸ್ತಾದರು ಕೇಳಿದ್ದಕ್ಕೆ ಅವರು, "ಇದಕ್ಕ ಎರಡ ಸೀಟು ಅದಾವ ಉಸ್ತಾದ್. ಬೀಗರು ಹತ್ತಂಗಿಲ್ಲ," ಎಂದರು.

ನಾನು ಆ ಗ್ಯಾರೇಜಿಗೆ ಸೇರಿ ಒಂಬತ್ತು ತಿಂಗಳಾಗಿತ್ತು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವಳೆಂದು ಎಂಜಿನ್ನಿನ ದೋಷ ಓದುವ ಸ್ಕ್ಯಾನರ್ ಮತ್ತು ಬಿಡಿಭಾಗದ ಆಯ್ಕೆ ನನ್ನ ಪಾಲಿಗೆ ಬಂದಿತ್ತು. ಈ ಕೆಲಸವನ್ನು ಅಳತೆಯಿಂದ ಶುರು ಮಾಡಿದೆ. ಎರಡು ಲೀಟರಿನ ಎಂಜಿನ್, ನಿಮಿಷಕ್ಕೆ ಏಳು ಸಾವಿರ ಸುತ್ತು. ಎರಡು ಸುತ್ತಿಗೊಮ್ಮೆ ತನ್ನ ಅಳತೆಯಷ್ಟೇ, ಅಂದರೆ ಎರಡು ಲೀಟರ್ ಗಾಳಿ ಎಳೆಯುತ್ತದೆ. ಲೆಕ್ಕದಲ್ಲಿ ಸ್ವಲ್ಪ ಕಳೆದರೂ ನಿಮಿಷಕ್ಕೆ ಆರು ಸಾವಿರ ಲೀಟರಿಗೆ ಕಡಿಮೆಯಿಲ್ಲ. ಮಾಲೀಕರು ತಂದಿದ್ದ ಹಳೆಯ ಕಾಗದದ ಫಿಲ್ಟರಿನ ಮಡಿಕೆಗಳನ್ನು ಎಣಿಸಿದೆ: ಅರವತ್ತು. ಪ್ರತಿ ಮಡಿಕೆಯ ಆಳ, ಉದ್ದ ಗುಣಿಸಿದರೆ ಬಿಚ್ಚಿ ಹಾಸಿದಾಗ ಒಂದು ಸಣ್ಣ ಚಾಪೆಯಷ್ಟು ಕಾಗದ. ಅದರ ಕೆಲವು ಮಡಿಕೆಗಳು ತುದಿಯಲ್ಲಿ ತೆರೆದುಕೊಂಡಿದ್ದವು. ಹಳೆಯದಾದ್ದರಿಂದ ಹಾಗಾಗಿದೆ ಎಂದು ಬರೆದುಕೊಂಡು ಅದನ್ನು ಪಕ್ಕಕ್ಕಿಟ್ಟೆ. ಅಲ್ಲಿ ನಾನು ಇನ್ನಷ್ಟು ನೋಡಬೇಕಿತ್ತು.

ಮಾರುಕಟ್ಟೆಯಲ್ಲಿ ಈ ಕಾರಿಗೆ ಹೊಂದುವ ಫಿಲ್ಟರುಗಳು ಮೂರು ಬಗೆಯವು ಸಿಕ್ಕವು. ಎಣ್ಣೆ ಹಚ್ಚಿದ ಹತ್ತಿ ಬಟ್ಟೆಯದು, ತೊಳೆದು ಮತ್ತೆ ಬಳಸುವಂಥದು. ಫಿಲ್ಟರ್ ಕೂರುವ ಪೆಟ್ಟಿಗೆಯನ್ನೇ ತೆಗೆದುಹಾಕಿ, ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗೆ ನೇರವಾಗಿ ಸಿಕ್ಕಿಸುವ ಶಂಕುವಿನಾಕಾರದ್ದು. ಇದಕ್ಕೆ ಒಳ್ಳೆಯ ಸದ್ದು ಬರುತ್ತದೆ. ಮೂರನೆಯದು ಎಣ್ಣೆಯಿಲ್ಲದ, ಕೃತಕ ನಾರಿನದು. ಮೂರನ್ನೂ ಒಂದು ಹೊಸ ಕಾಗದದ ಫಿಲ್ಟರನ್ನೂ ತರಿಸಿದೆ.

ಪರೀಕ್ಷೆಗೆ ಎರಡು ವಿಧಾನ ಇಟ್ಟುಕೊಂಡೆ. ಒಂದು, ಫಿಲ್ಟರಿನ ಹಿಂದೆ ಮುಂದೆ ಗಾಳಿಯ ಒತ್ತಡ ಎಷ್ಟು ಇಳಿಯುತ್ತದೆ ಎಂದು ನೋಡುವುದು. ಪಾರದರ್ಶಕ ಕೊಳವೆಯನ್ನು ಬಾಗಿಸಿ, ಹಲಗೆಗೆ ಕಟ್ಟಿ, ಅರ್ಧದವರೆಗೆ ಬಣ್ಣದ ನೀರು ತುಂಬಿದೆ; ಎರಡೂ ಕಡೆಯ ನೀರಿನ ಮಟ್ಟದ ವ್ಯತ್ಯಾಸ ಎಷ್ಟು ಸೆಂಟಿಮೀಟರೋ ಅಷ್ಟು ಅಡ್ಡಿ. ಎರಡನೆಯದು ಇನ್ನೂ ಸರಳ. ಫಿಲ್ಟರ್ ದಾಟಿದ ಮೇಲಿನ ಕೊಳವೆಯ ಒಳಗೋಡೆಗೆ ತೆಳ್ಳಗೆ ಬಿಳಿ ಗ್ರೀಸ್ ಸವರುವುದು. ಧೂಳು ನುಸುಳಿದರೆ ಅಲ್ಲಿ ಅಂಟಿಕೊಳ್ಳುತ್ತದೆ, ಗ್ರೀಸಿನ ಬಣ್ಣ ಹೇಳುತ್ತದೆ.

ದುಂಡಸಿಯ ರಸ್ತೆಯಲ್ಲಿ ಓಡಿಸಿ ನೋಡಿದೆವು. ದಿನವೂ ಅದೇ ದಾರಿಯ ಬಸ್ಸಿನಲ್ಲಿ ಬರುವುದರಿಂದ ರಾಶಿ ಎಲ್ಲೆಲ್ಲಿ ನಡೆದಿದೆ ಎಂದು ನನಗೆ ಗೊತ್ತಿತ್ತು. ಕಾಗದದ್ದು ಒಂಬತ್ತು ಸೆಂಟಿಮೀಟರ್ ತೋರಿಸಿತು, ಗ್ರೀಸ್ ಬೆಳ್ಳಗೆ ಉಳಿಯಿತು. ಹತ್ತಿಯದು ಐದು ಸೆಂಟಿಮೀಟರ್, ಆದರೆ ಗ್ರೀಸಿನ ಮೇಲೆ ಸಣ್ಣ ಕಂದು ಪುಡಿ. ಶಂಕುವಿನದು ಗಾಳಿಯನ್ನು ಚೆನ್ನಾಗಿ ಎಳೆಯಿತು, ಎಂಜಿನ್ನಿನ ಬಿಸಿಯನ್ನೂ ಅಷ್ಟೇ ಚೆನ್ನಾಗಿ ಎಳೆಯಿತು. ಒಣ ನಾರಿನದು ಏಳು ಸೆಂಟಿಮೀಟರ್, ಗ್ರೀಸ್ ಬಿಳಿ.

ಹತ್ತಿಯ ಫಿಲ್ಟರಿಗೆ ಇನ್ನೊಂದು ಅವಕಾಶ ಕೊಡಬೇಕೆಂದು ಉಸ್ತಾದರು ಹಟ ಹಿಡಿದರು. ಹಳೆಯ ಟ್ರ್ಯಾಕ್ಟರುಗಳಲ್ಲಿ ಗಾಳಿಯನ್ನು ಎಣ್ಣೆಯ ಬಟ್ಟಲಿನ ಮೇಲಿಂದ ಹಾಯಿಸುತ್ತಿದ್ದರು; ಧೂಳು ಎಣ್ಣೆಗೆ ಬೀಳುತ್ತಿತ್ತು. ಅವರ ಲೆಕ್ಕದಲ್ಲಿ ಎಣ್ಣೆ ಹೆಚ್ಚಿದಷ್ಟೂ ಒಳ್ಳೆಯದು. ನಾನು ಊಟಕ್ಕೆ ಹೋದಾಗ ಫಿಲ್ಟರಿಗೆ ಧಾರಾಳವಾಗಿ ಎಣ್ಣೆ ಕುಡಿಸಿ ಕೂರಿಸಿದ್ದರು. ಹತ್ತು ಕಿಲೋಮೀಟರಿನೊಳಗೆ ಎಣ್ಣೆಯ ಹನಿಗಳು ಗಾಳಿ ಅಳೆಯುವ ಸೆನ್ಸರಿಗೆ ಅಂಟಿ ಎಂಜಿನ್ ಮುಗ್ಗರಿಸತೊಡಗಿತು. ಸೆನ್ಸರ್ ಬಿಚ್ಚಿ ತೊಳೆದೆ. ಉಸ್ತಾದರು ಪಕ್ಕದಲ್ಲಿ ನಿಂತು, "ಇದು ಭಾಳ ನಾಜೂಕ ಐತಿ, ನಿನ್ನಂಗ," ಎಂದರು. ತಪ್ಪೊಪ್ಪಿಗೆ ಅಷ್ಟೇ.

ಒಣ ನಾರಿನ ಫಿಲ್ಟರನ್ನೇ ಆರಿಸಿದೆ. ಹಾಕುವ ಮೊದಲು ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಅದುಮುವ ಒತ್ತಡ, ಅಳೆದು ಬರೆದಿಟ್ಟೆ. ನಾಲ್ಕೂ ನೂರಾ ಎಂಬತ್ತು ಪೌಂಡಿನ ಆಸುಪಾಸಿನಲ್ಲಿದ್ದವು. ಎರಡು ಸಂತೆ ಮುಗಿಸಿಕೊಂಡು ಬನ್ನಿ, ಗ್ರೀಸ್ ನೋಡೋಣ ಎಂದು ಮಾಲೀಕರಿಗೆ ಹೇಳಿ ಕಳಿಸಿದೆ.

ಎರಡು ಸಂತೆಯಾದ ಮೇಲೆ ಕೊಳವೆ ಬಿಚ್ಚಿದಾಗ ಗ್ರೀಸ್ ಚಹಾದ ಬಣ್ಣಕ್ಕೆ ತಿರುಗಿತ್ತು.

ನಾನು ಮೊದಲು ಪೆಟ್ಟಿಗೆಯ ರಬ್ಬರ್ ಅಂಚನ್ನು ಅನುಮಾನಿಸಿದೆ. ಅದರ ಸುತ್ತ ಸೀಮೆಸುಣ್ಣದ ಪುಡಿ ಹಚ್ಚಿ ಮುಚ್ಚಳ ಒತ್ತಿ ನೋಡಿದೆ. ಗುರುತು ಎಲ್ಲ ಕಡೆಯೂ ಒಂದೇ ಸಮ ಬಿತ್ತು. ಆಮೇಲೆ ಫಿಲ್ಟರನ್ನು ಸ್ಟೋರಿನ ಕತ್ತಲೆಗೆ ಒಯ್ದು ಹಿಂದಿನಿಂದ ಬಲ್ಬು ಹಿಡಿದೆ. ಮಡಿಕೆಗಳ ತುದಿಯಲ್ಲಿ ಸೂಜಿಮೊನೆಯಂಥ ಬೆಳಕಿನ ಚುಕ್ಕಿಗಳು ಕಂಡವು. ಒಂಬತ್ತು ಎಣಿಸಿ ನಿಲ್ಲಿಸಿದೆ.

ಫಿಲ್ಟರನ್ನು ಬಿಚ್ಚಿದ್ದಿರಾ, ತೊಳೆದಿದ್ದಿರಾ ಎಂದು ಮಾಲೀಕರನ್ನು ಕೇಳಿದೆ. ಇಲ್ಲ, ಮುಟ್ಟಿಲ್ಲ ಎಂದರು. ಅವರು ಸುಳ್ಳು ಹೇಳುವವರಲ್ಲ, ಹೇಳಿಯೂ ಇರಲಿಲ್ಲ. ಹಾಗಾಗಿ ತಯಾರಿಕೆಯ ದೋಷ ಎಂದು ತೀರ್ಮಾನಿಸಿ ಮಾರಿದವರಿಗೆ ಫೋಟೋ ಸಮೇತ ದೂರು ಬರೆದೆ. ಅವರು ಮಾತಾಡದೆ ಇನ್ನೊಂದನ್ನು ಕಳಿಸಿಕೊಟ್ಟರು. ಬಂದ ಕೂಡಲೇ ಬಲ್ಬು ಹಿಡಿದು ನೋಡಿದೆ. ಒಂದು ಚುಕ್ಕಿಯೂ ಇರಲಿಲ್ಲ. ಹಾಕಿದೆ. ಒಂದೇ ಸಂತೆಯ ನಂತರ ಮತ್ತೆ ಚುಕ್ಕಿಗಳು, ಮತ್ತೆ ಕಂದು ಗ್ರೀಸ್. ಕಂಪ್ರೆಷನ್ ಅಳೆದೆ. ಮೂರು ಸಿಲಿಂಡರುಗಳು ಹಾಗೆಯೇ ಇದ್ದವು. ನಾಲ್ಕನೆಯದು ಏಳು ಪೌಂಡ್ ಇಳಿದಿತ್ತು.

ಆ ಸಂಖ್ಯೆಯನ್ನು ಮಾಲೀಕರಿಗೆ ತೋರಿಸುವುದು ಸುಲಭವಾಗಿರಲಿಲ್ಲ. ಇನ್ನೂ ಗೀರು ಬಿದ್ದಿರಲಿಕ್ಕಿಲ್ಲ, ಪಿಸ್ಟನ್ನಿನ ರಿಂಗುಗಳು ಸವೆಯತೊಡಗಿವೆ, ಕಾರಣ ಸಿಗುವವರೆಗೆ ಕಾರನ್ನು ಓಡಿಸಬೇಡಿ ಎಂದೆ. ಅವರು ಕಾಗದವನ್ನು ಬಹಳ ಹೊತ್ತು ನೋಡಿದರು. ಹಾಗಾದರೆ ಈ ವಾರ ಬಸ್ಸಿಗೆ ಹೋಗುತ್ತೇನೆ ಎಂದು ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಉಸ್ತಾದರು ಅವತ್ತು ತಮಾಷೆ ಮಾಡಲಿಲ್ಲ. "ನಿನ್ನ ಗ್ರೀಸು ಖರೇನ ಹೇಳತೈತಿ ಬೇಟಾ. ಆದ್ರ ಧೂಳು ಎಲ್ಲಿ ಒಳಗ ಹೋತು ಅಂತ ಗ್ಯಾರೇಜಿನ್ಯಾಗ ಕುಂತರ ತಿಳೀತೈತೇನು? ದಾರಿ ಮ್ಯಾಲ ಹೋಗಿ ನೋಡು," ಎಂದರು. ತಾವೇ ಬರುತ್ತಿದ್ದರಂತೆ, ಆದರೆ ಅಷ್ಟು ತಗ್ಗಿನ ಸೀಟಿನಲ್ಲಿ ಕೂತರೆ ಮೊಣಕಾಲು ಮತ್ತೆ ಏಳಲು ಒಪ್ಪುವುದಿಲ್ಲ.

ಅವರು ಬಸ್ಸಿಗೆ ಹೋದ ವಾರ ಕಳೆದು, ಮುಂದಿನ ಸಂತೆಯ ದಿನ ಹೊಸ ಕಾಗದದ ಫಿಲ್ಟರ್ ಹಾಕಿ, ಗ್ರೀಸ್ ಸವರಿ, ಮಾಲೀಕರಿಗೆ ಕಾರು ಕೊಟ್ಟೆವು. ನಾನು ಬಸ್ಸಿನಲ್ಲಿ ಹಾನಗಲ್ಲಿಗೆ ಹೋಗಿ ಬಸ್ ನಿಲ್ದಾಣದ ಹೊರಗೆ ಕಾರು ಹತ್ತಿದೆ. ಛಾವಣಿ ಮುಚ್ಚಿರುವಂತೆ ಕೇಳಿಕೊಂಡಿದ್ದೆ. ಆದರೂ ಜನ ಬಗ್ಗಿ ನೋಡಿದರು. ನಾನು ನೀರಿನ ಕೊಳವೆ ಕಟ್ಟಿದ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತೆ. ಅಕ್ಕಿಆಲೂರು ದಾಟಿದ ಮೇಲೆ ರಸ್ತೆಯ ಅರ್ಧ ಭಾಗ ಗೋವಿನಜೋಳದ ಹಳದಿ. ರಾಶಿ ಮಷಿನ್ನಿನಿಂದ ಹಾರಿಬರುವ ತೆಳ್ಳನೆಯ ಕೆಂಪು ಸಿಪ್ಪೆ ಗಾಜಿಗೆ ಬಡಿಯುತ್ತಿತ್ತು. ಕೊಳವೆಯಲ್ಲಿ ನೀರು ಒಂಬತ್ತಕ್ಕೆ ಏರಿ ಇಳಿಯುತ್ತಿತ್ತು. ಎಲ್ಲವೂ ಸರಿಯಾಗಿತ್ತು.

ತಿಳವಳ್ಳಿಯಲ್ಲಿ ಮಾಲೀಕರು ಒಂದು ಟೈರ್ ಅಂಗಡಿಯ ಮುಂದೆ ನಿಲ್ಲಿಸಿದರು. ಪ್ರತಿ ಸಂತೆಗೂ ಇಲ್ಲಿಯೇ ಗಾಲಿಗೆ ಗಾಳಿ ಹಾಕಿಸುತ್ತಾರಂತೆ. ಅಂಗಡಿಯವನಿಗೆ ಐವತ್ತರ ಮೇಲಾಗಿತ್ತು. ಐದು ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಫಿಲ್ಟರೂ ಹೊರಗೆ ಬಂದಿತ್ತು. ಅಂಗಡಿಯವನು ಕಂಪ್ರೆಷರಿನ ಕೊಳವೆ ಹಿಡಿದು ಒಂದೊಂದಕ್ಕೂ ಹವಾ ಹೊಡೆಯುತ್ತಿದ್ದ. ಧೂಳು ಮೋಡದಂತೆ ಎದ್ದು ಹೋಗುತ್ತಿತ್ತು. ಇದಕ್ಕೆ ಅವನು ಏನೂ ತೆಗೆದುಕೊಳ್ಳುವುದಿಲ್ಲ. ಸುಗ್ಗಿಯಲ್ಲಿ ಎಲ್ಲ ಊರುಗಳಲ್ಲೂ ಹೀಗೆಯೇ. ಗಾಳಿ ಹಾಕಿಸಲು ಬಂದವರ ಫಿಲ್ಟರಿಗೆ ಹವಾ ಹೊಡೆದು ಕಳಿಸುವುದು, ಬಂದವರಿಗೆ ನೀರು ಕೊಟ್ಟ ಹಾಗೆ.

ಮಾಲೀಕರು ಇಳಿದು ಎದುರಿನ ಅಂಗಡಿಗೆ ಚಹಾಕ್ಕೆ ಹೊರಟರು. ಹೋಗುವಾಗ ಬಾನೆಟ್ಟಿನ ಲಿವರ್ ಎಳೆದು ಹೋದರು. ಅದನ್ನು ಅವರು ಮಾಡಿದ ರೀತಿಯಲ್ಲಿ ಯೋಚನೆಯೇ ಇರಲಿಲ್ಲ, ಚಪ್ಪಲಿ ಬಿಟ್ಟು ಒಳಗೆ ಹೋದಷ್ಟೇ. ಅಂಗಡಿಯವನು ನಾಲ್ಕು ಗಾಲಿಗೂ ಗಾಳಿ ಹಾಕಿದ. ಬಾನೆಟ್ ಎತ್ತಿದ. ಪೆಟ್ಟಿಗೆಯ ನಾಲ್ಕು ಕ್ಲಿಪ್ಪುಗಳನ್ನು ಹೆಬ್ಬೆರಳಿನಿಂದ ಹಾರಿಸಿ ನನ್ನ ಹೊಸ ಫಿಲ್ಟರನ್ನು ಹೊರತೆಗೆದು, ಎರಡು ಬೆರಳಿನಷ್ಟು ಹತ್ತಿರದಿಂದ, ಟ್ರ್ಯಾಕ್ಟರಿಗೆ ಹೊಡೆದಷ್ಟೇ ಜೋರಿನಲ್ಲಿ ಹವಾ ಹೊಡೆದ. ಕಂಪ್ರೆಷರಿನ ಮೀಟರ್ ನೂರಾ ಮೂವತ್ತು ಪೌಂಡ್ ತೋರಿಸುತ್ತಿತ್ತು. ಆಮೇಲೆ ಫಿಲ್ಟರನ್ನು ಟೈರಿಗೆ ಎರಡು ಸಲ ಬಡಿದು ಮತ್ತೆ ಕೂರಿಸಿದ.

ನಾನು ತಡೆಯಲಿಲ್ಲ. ನೋಡಬೇಕಾದ್ದನ್ನು ಪೂರ್ತಿ ನೋಡಲೆಂದೇ ಬಂದಿದ್ದೆ. ಮುಂದಿನ ದಾರಿಗೆ ಹಾಕಲು ಚೀಲದಲ್ಲಿ ಇನ್ನೊಂದು ಹೊಸ ಫಿಲ್ಟರ್ ಇತ್ತು. ಮುಗಿದ ಮೇಲೆ, ಪ್ರತಿ ವಾರವೂ ಹೀಗೆ ಮಾಡುತ್ತೀರಾ ಎಂದು ಕೇಳಿದೆ.

"ಹೌದ್ರಿ ಅಕ್ಕಾರ. ಗೋವಿನಜೋಳದ ಟೈಮಿನ್ಯಾಗ ಹಂಗ ಬಿಟ್ರ ಎಂಜಿನ್ನಿಗೆ ಉಸುರು ಕಟ್ಟತೈತಿ. ಸಾಹೇಬ್ರ ಗಾಡಿ ನಂದ ಇದ್ದಂಗ," ಎಂದ.

ಚಹಾದಂಗಡಿಯಲ್ಲಿ ಮಾಲೀಕರನ್ನು ಮತ್ತೊಮ್ಮೆ ಕೇಳಿದೆ. ಫಿಲ್ಟರ್ ಮುಟ್ಟಿಲ್ಲ ಎಂದಿದ್ದಿರಲ್ಲ ಎಂದೆ. ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಮುಟ್ಟಿಲ್ರಿ. ಅದು ಹವಾ ಹೊಡದದ್ದು. ತೊಳದಂಗ ಅಲ್ಲಲ್ರಿ," ಎಂದರು.

ಸಂತೆ ಮುಗಿಸಿ ಹಾನಗಲ್ಲಿಗೆ ಹಿಂತಿರುಗುವಾಗ ನಾನು ವಿವರಿಸಿದೆ. ಟ್ರ್ಯಾಕ್ಟರಿನ ಫಿಲ್ಟರಿನ ಕಾಗದ ದಪ್ಪ, ಸುತ್ತಲೂ ತಗಡಿನ ಜಾಳಿಗೆಯ ಆಸರೆ ಇರುತ್ತದೆ. ಅದಕ್ಕೂ ಇಷ್ಟು ಜೋರು ಒಳ್ಳೆಯದಲ್ಲ, ಆದರೂ ತಾಳುತ್ತದೆ. ನಿಮ್ಮದು ತೆಳ್ಳನೆಯದು. ಅಷ್ಟು ಹತ್ತಿರದಿಂದ ಹೊಡೆದರೆ ನಾರುಗಳು ಬಿಡಿಸಿಕೊಂಡು ಸಣ್ಣ ತೂತುಗಳಾಗುತ್ತವೆ. ದೊಡ್ಡ ಧೂಳು ನಿಲ್ಲುತ್ತದೆ, ಕಣ್ಣಿಗೆ ಕಾಣದ್ದು ಒಳಗೆ ಹೋಗುತ್ತದೆ, ಸವೆಸುವುದು ಅದೇ. ಹಳೆಯ ಫಿಲ್ಟರಿನ ಮಡಿಕೆಗಳು ತೆರೆದುಕೊಂಡದ್ದೂ ಇದರಿಂದಲೇ. ಹಾಗಾಗಿ, ಕಂಪನಿಯ ಫಿಲ್ಟರ್ ಕೆಟ್ಟದ್ದಾಗಿರಲಿಲ್ಲ. ನಾನು ಆರಿಸಿಕೊಟ್ಟದ್ದೂ ಬೇಕಿರಲಿಲ್ಲ.

ಅವರು ಎರಡು ಹಂಪುಗಳನ್ನು ಇಳಿದು ನೋಡಿ ದಾಟಿಸಿದರು. ಆಮೇಲೆ, "ಹಂಗಾರ ಮೊದಲಿನ ಎಂಜಿನ್ ಅವ ಹಾಳ ಮಾಡಿದ ಅಂದಂಗಾತು," ಎಂದರು.

"ಹವಾ ಹಾಳ ಮಾಡೇತ್ರಿ," ಎಂದೆ.

"ಅವಗ ಹೇಳಬ್ಯಾಡ್ರಿ ಮೇಡಂ. ಬ್ಯಾಡ ಅಂತನೂ ಹೇಳಬ್ಯಾಡ್ರಿ. ಸ್ಕೂಟರ್ ಇದ್ದಾಗಿಂದ ಅವನ ಕಡೆ ಗಾಳಿ ಹಾಕಸ್ತೇನಿ. ನೀ ನನ್ನ ಎಂಜಿನ್ ಕೆಡಿಸಿದಿ ಅಂತ ಅವಗ ಹೆಂಗ ಅನ್ಲಿ?"

ಅವರು ಗಾಡಿಯನ್ನು ಬಿಡಲೂ ಒಪ್ಪಲಿಲ್ಲ, ಆ ಅಂಗಡಿಯನ್ನು ಬಿಡಲೂ ಒಪ್ಪಲಿಲ್ಲ. ನನಗೆ ಇದು ಮೊದಲು ಹಟದಂತೆ ಕಂಡಿತು. ಅಲ್ಲದೆ ದಾರಿಯಲ್ಲಿ ಹಾಗೆ ಹವಾ ಹೊಡೆಯುವವನು ಅವನೊಬ್ಬನೇ ಅಲ್ಲ. ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ಬಂದಾಗ ನಮ್ಮ ಬಾಗಿಲಲ್ಲೇ ಮೂರು ಟ್ರ್ಯಾಕ್ಟರುಗಳ ಚಾಲಕರು ಕೊಕ್ಕೆಯಿಂದ ನಮ್ಮ ಕಂಪ್ರೆಷರಿನ ಕೊಳವೆ ತೆಗೆದು ತಂತಮ್ಮ ಫಿಲ್ಟರುಗಳಿಗೆ ಹವಾ ಹೊಡೆದುಕೊಳ್ಳುತ್ತಿದ್ದರು. ಸೇರಿದಾಗಿನಿಂದ ಆ ಸದ್ದು ಕೇಳುತ್ತಲೇ ನಾನು ಕೆಲಸ ಶುರು ಮಾಡುತ್ತಿದ್ದೆ. ಕಾರಣ ಹುಡುಕಲು ತಿಳವಳ್ಳಿಯವರೆಗೆ ಹೋಗಬೇಕಾಯಿತು.

ಮಾರಿದವರಿಗೆ, ನನ್ನ ದೂರು ತಪ್ಪಾಗಿತ್ತು, ದೋಷ ನಿಮ್ಮದಲ್ಲ ಎಂದು ಬರೆದು, ಬದಲಿಯಾಗಿ ಬಂದ ಫಿಲ್ಟರಿನ ಬೆಲೆ ಕಳಿಸಿದೆ. ಅದು ಆ ವಾರದ ಮೊದಲ ಕೆಲಸ.

ಎರಡನೆಯದು, ಪೆಟ್ಟಿಗೆಯ ಕ್ಲಿಪ್ಪುಗಳನ್ನು ತೆಗೆದು, ಸಾಮಾನ್ಯ ಪಾನಾಕ್ಕೂ ಸ್ಕ್ರೂಡ್ರೈವರಿಗೂ ಸಿಗದ ನಕ್ಷತ್ರ ತಲೆಯ ಸ್ಕ್ರೂ ಹಾಕಿ ಭದ್ರ ಮಾಡುವುದು ಎಂದು ಯೋಚಿಸಿದೆ. ಬಿಚ್ಚಲಾಗದಿದ್ದರೆ ಹವಾ ಹೊಡೆಯಲಾಗುವುದಿಲ್ಲ. ಉಸ್ತಾದರಿಗೆ ಹೇಳಿದಾಗ ಅವರು ಬೀಡಿ ಹಚ್ಚುವುದನ್ನು ನಿಲ್ಲಿಸಿ ತಲೆ ಅಲ್ಲಾಡಿಸಿದರು.

"ಅವ ಸುಮ್ಮನ ಬಿಡತಾನೇನು? ಸ್ಕ್ರೂ ನೋಡಿ, ಸಾಹೇಬ್ರ ಗಾಡಿಗಿ ಯಾರೋ ಮೂರ್ಖರು ಬೀಗ ಹಾಕ್ಯಾರ ಅಂತ ಉಳಿ ತಗೊಂಡ ಬಿಚ್ಚತಾನ. ಹವಾ ಹೊಡಿಯೋ ಕೈ ಸುಮ್ಮನ ಕುಂದ್ರಂಗಿಲ್ಲ ಬೇಟಾ. ಟ್ರ್ಯಾಕ್ಟರ್ ನೋಡು. ಒಳಗೊಂದು, ಹೊರಗೊಂದು, ಎರಡ ಫಿಲ್ಟರ್ ಇರ್ತಾವ. ಒಳಗಿಂದು ಯಾರೂ ಮುಟ್ಟಂಗಿಲ್ಲ. ಯಾಕ? ಹೊರಗಿಂದು ಮೊದಲ ಕೈಗೆ ಸಿಗತೈತಿ, ಅದಕ್ಕ."

ನಾನು ಅಲ್ಲಿಯವರೆಗೆ ಗಾಳಿಯ ಹರಿವು, ಧೂಳಿನ ಗಾತ್ರ, ಬಿಸಿ ಇವುಗಳಿಗೆ ಫಿಲ್ಟರ್ ಆರಿಸುತ್ತಿದ್ದೆ. ಅದನ್ನು ಯಾರ ಕೈ ಬಿಚ್ಚುತ್ತದೆ ಎಂಬುದು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಹೊಸ ಹಾಳೆಯಲ್ಲಿ ಮತ್ತೆ ಬರೆದೆ. ಒಳಗಿನ ಪೆಟ್ಟಿಗೆಗೆ ಕಾಗದದ ಸಾಧಾರಣ ಫಿಲ್ಟರ್, ಸ್ಕ್ರೂ ಹಾಕಿ ಭದ್ರ. ಅದರ ಮುಂದೆ, ಬಾನೆಟ್ ಎತ್ತಿದ ಕೂಡಲೇ ಕಾಣುವ ಜಾಗದಲ್ಲಿ, ಗಾಳಿ ಒಳಬರುವ ಬಾಯಿಗೆ ಇನ್ನೊಂದು ಒರಟು ಫಿಲ್ಟರ್: ದೊಡ್ಡ ರಂಧ್ರದ ಫೋಮ್, ಬೆರಳಿನಿಂದಲೇ ತಿರುಗಿಸಿ ಬಿಚ್ಚಬಹುದಾದ ಎರಡು ನಟ್ಟು. ಫೋಮಿಗೆ ಎಷ್ಟು ಹವಾ ಹೊಡೆದರೂ ಏನೂ ಆಗುವುದಿಲ್ಲ. ಹಾರಾಡುವ ಸಿಪ್ಪೆ, ಹೊಟ್ಟು ಅಲ್ಲಿಯೇ ನಿಂತರೆ ಒಳಗಿನ ಕಾಗದಕ್ಕೂ ಆಯುಷ್ಯ ಹೆಚ್ಚು.

ತಗಡಿನ ಚೌಕಟ್ಟನ್ನು ಉಸ್ತಾದರೇ ಬಡಿದು ಮಾಡಿದರು. ಮೊದಲ ಸಲ ದುಂಡಸಿ ರಸ್ತೆಯಲ್ಲಿ ಐದು ಸಾವಿರ ಸುತ್ತಿಗೆ ಎಂಜಿನ್ ಫೋಮನ್ನೇ ಕೊಳವೆಯೊಳಗೆ ಎಳೆದುಕೊಂಡಿತು. ಹಿಂದೆ ಸ್ಟೀಲಿನ ಜಾಳಿಗೆ ಬೆಸೆದೆವು. ನೀರಿನ ಕೊಳವೆ ಈಗ ಹನ್ನೆರಡು ಸೆಂಟಿಮೀಟರ್ ತೋರಿಸಿತು. ಒಳಗಿನ ಕಾಗದ ಒಂದೇ ಇದ್ದಾಗಿನದಕ್ಕಿಂತ ಮೂರು ಹೆಚ್ಚು. ಕಾರು ತುತ್ತತುದಿಯ ವೇಗದಲ್ಲಿ ಸ್ವಲ್ಪ ಶಕ್ತಿ ಕಳೆದುಕೊಳ್ಳುತ್ತದೆ, ಇದನ್ನು ಯಾವ ಕಾರಿನ ಕಂಪನಿಯೂ ಮೆಚ್ಚುವುದಿಲ್ಲ ಎಂದು ಮಾಲೀಕರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಮೂರು ಸೆಂಟಿಮೀಟರ್ ಎಂದರೆ ಎಷ್ಟು ಎಂದು ಕೇಳಿದರು. ಬೆರಳಿನಲ್ಲಿ ತೋರಿಸಿದೆ. ಹಂಪಿನ ಮುಂದೆ ಇಳಿದು ನೋಡುವವನಿಗೆ ಅಷ್ಟು ಸಾಕು ಎಂದರು.

ಕಾರು ಹೊರಡುವ ಮೊದಲು ಉಸ್ತಾದರು ತಗಡಿನ ಮೇಲೆ ಬಿಳಿ ಬಣ್ಣದಲ್ಲಿ 'ಹವಾ' ಎಂದು ಬರೆದು ಪಕ್ಕದಲ್ಲಿ ಬಾಣದ ಗುರುತು ಹಾಕಿದರು. ನನ್ನನ್ನು ಕೇಳಿರಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆನೇನೊ.

ಮುಂದಿನ ನಾಲ್ಕು ಸಂತೆಗಳವರೆಗೆ ಕಾಯುವುದಷ್ಟೇ ಉಳಿಯಿತು. ರಾಶಿ ಜೋರಾಗಿದ್ದ ದಿನಗಳವು. ಅಂಗಡಿಯವನು ಸ್ಕ್ರೂ ಬಿಚ್ಚಿದ್ದಾನೋ ಇಲ್ಲವೋ ಎಂದು ಮಾಲೀಕರನ್ನು ಫೋನಿನಲ್ಲಿ ಕೇಳಬಹುದಿತ್ತು. ಅವರು ಚಹಾಕ್ಕೆ ಹೋಗಿರುತ್ತಾರೆ ಎಂದು ಗೊತ್ತಿದ್ದರಿಂದ ಕೇಳಲಿಲ್ಲ.

ಐದನೆಯ ಸಂತೆಯ ದಿನ ಬೆಳಿಗ್ಗೆ ಅವರು ಕಾರನ್ನು ನೇರವಾಗಿ ಗ್ಯಾರೇಜಿಗೆ ತಂದರು. ಸ್ಕ್ರೂಗಳ ತಲೆಗೆ ನಾನು ಹಚ್ಚಿದ್ದ ಬಣ್ಣದ ಗುರುತು ಅಲುಗಿರಲಿಲ್ಲ. ಕೊಳವೆ ಬಿಚ್ಚಿ ಒಳಗೆ ಬೆರಳು ಹಾಕಿ ತೆಗೆದೆ. ಗ್ರೀಸ್ ಹಚ್ಚಿದಷ್ಟೇ ಬೆಳ್ಳಗಿತ್ತು. ಕಂಪ್ರೆಷನ್ ಅಳೆದೆ. ನಾಲ್ಕನೆಯ ಸಿಲಿಂಡರ್ ಕಳೆದುಕೊಂಡ ಏಳು ಪೌಂಡನ್ನು ಮರಳಿ ಪಡೆದಿರಲಿಲ್ಲ, ಅದು ಸಾಧ್ಯವೂ ಇಲ್ಲ. ಆದರೆ ಅಲ್ಲಿಗೇ ನಿಂತಿತ್ತು. ಉಳಿದ ಮೂರು ಮೊದಲಿನಂತೆಯೇ ಇದ್ದವು. ಮಾಲೀಕರು ನಾಲ್ಕೂ ಅಂಕಿಗಳನ್ನು ಗಟ್ಟಿಯಾಗಿ ಓದಿ, ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು. ತಿಳವಳ್ಳಿಯವರೆಗೆ ಬನ್ನಿ, ಒಂದು ಸಲ ನಿಂತು ನೋಡಿ ಎಂದು ಕೇಳಿದರು. ನನಗೂ ನೋಡಬೇಕಿತ್ತು. ಉಸ್ತಾದರು ಹೋಗು ಎಂದು ಕೈಯಾಡಿಸಿದರು.

ಟೈರ್ ಅಂಗಡಿಯ ಮುಂದೆ ಟ್ರ್ಯಾಕ್ಟರುಗಳ ಸಾಲು ಕಡಿಮೆಯಾಗಿರಲಿಲ್ಲ. ಮಾಲೀಕರು ಲಿವರ್ ಎಳೆದರು. ಈ ಸಲ ಚಹಾಕ್ಕೆ ಹೋಗಲಿಲ್ಲ, ನನ್ನ ಪಕ್ಕದಲ್ಲಿ ನಿಂತರು. ಅಂಗಡಿಯವನು ಬಾನೆಟ್ ಎತ್ತಿ, ಎರಡು ನಟ್ಟುಗಳನ್ನು ಬೆರಳಿನಿಂದ ತಿರುಗಿಸಿ, ಫೋಮಿನ ಚೌಕಟ್ಟನ್ನು ಹೊರತೆಗೆದ. ಒಳಗಿನ ಪೆಟ್ಟಿಗೆಯ ಕಡೆ ಅವನ ಕಣ್ಣು ಒಮ್ಮೆಯೂ ಹೋಗಲಿಲ್ಲ. ಫೋಮಿನ ತುಂಬ ಕೆಂಪು ಸಿಪ್ಪೆ ಅಂಟಿತ್ತು. ಅವನು ರಸ್ತೆಯ ಕಡೆ ತಿರುಗಿ ಹವಾ ಹೊಡೆದ. ಎದ್ದ ಧೂಳಿಗೆ ಟ್ರ್ಯಾಕ್ಟರಿನ ಮೇಲೆ ಕೂತವರು ಮುಖ ಮುಚ್ಚಿಕೊಂಡರು. ಅದು ಹಾರಿ ಹೋಗುವವರೆಗೆ ಕಾದು, ಚೌಕಟ್ಟನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಕಡೆ ತಿರುಗಿದ.

"ನೋಡ್ರಿ ಅಕ್ಕಾರ, ಎಷ್ಟ ಕಸ ಬಂತು. ವಾರವಾರ ನಾ ಹವಾ ಹೊಡೀಲಿಲ್ಲಂದ್ರ ಸಾಹೇಬ್ರ ಎಂಜಿನ್ ಉಳೀತಿತ್ತೇನ್ರಿ?"

ಮಾಲೀಕರು ರಸ್ತೆಯಾಚೆ ನೋಡುತ್ತಿದ್ದರು. ಅವರ ಕೈ ಜೇಬಿನ ಮೇಲಿತ್ತು.

"ಇಲ್ರಿ," ಎಂದೆ. "ಉಳೀತಿರಲಿಲ್ಲ."

ಅವನು ತಲೆಯಾಡಿಸಿ, ಚೌಕಟ್ಟನ್ನು ಅದರ ಜಾಗಕ್ಕೆ ಕೂರಿಸಿ, ಎರಡೂ ನಟ್ಟು ಬಿಗಿ ಮಾಡಿದ. ಬಾನೆಟ್ ಮುಚ್ಚುವ ಮೊದಲು ಇನ್ನೊಮ್ಮೆ ಮುಟ್ಟಿ, ಅಲುಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡ.